ನಮ್ಮ ಹೆಸರಲ್ಲಿ ಮಾರಿದ ಸೊಪ್ಪು

ಹಾಲಿನ ಡೈರಿ ಮುಂದೆ ಶಾಮಿಯಾನ ಹಾಕಿಸಿ ಒಬ್ಬ ಅಧಿಕಾರಿ ನಮಗೆ ಆರೋಗ್ಯ ವಿಮೆಯ ಹೊಸ ವ್ಯವಸ್ಥೆ ವಿವರಿಸಿದರು. ಖರ್ಚು ಕಡಿಮೆ, ಆಸ್ಪತ್ರೆ ನಿಮ್ಮ ಆಯ್ಕೆ, ಹುಣಸೂರಾದರೂ ಸರಿ ಮೈಸೂರಾದರೂ ಸರಿ ಎಂದರು. ನಾವೂ ಚಪ್ಪಾಳೆ ತಟ್ಟಿದೆವು. ಆ ಚಪ್ಪಾಳೆ ನೆನೆದರೆ ಈಗ ಮೈ ಉರಿಯುತ್ತದೆ.

ಅದಾದ ಕೆಲವೇ ತಿಂಗಳಲ್ಲಿ ನಮ್ಮ ಯಜಮಾನರಿಗೆ ಎದೆನೋವು ಬಂತು. ಬೈಪಾಸ್ ಆಪರೇಷನ್ ಆಗಲೇಬೇಕು, ತಡ ಮಾಡಬೇಡಿ ಎಂದರು ಮೈಸೂರಿನ ಡಾಕ್ಟರು. ಬಿಪಿಎಲ್ ಕಾರ್ಡಿದೆಯಲ್ಲ, ಖರ್ಚೆಲ್ಲ ಸರ್ಕಾರದ್ದೇ ಎಂಬ ಧೈರ್ಯದಲ್ಲಿ ಕೌಂಟರಿಗೆ ಹೋದೆ. ಅಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ, "ನಿಮ್ಮ ಬಿಪಿಎಲ್ ಕಾರ್ಡ್ ರದ್ದಾಗಿದೆಯಲ್ಲಮ್ಮ. ಈಗ ಸರ್ಕಾರ ಸ್ವಲ್ಪ ಭಾಗ ಕೊಡುತ್ತೆ, ಉಳಿದಿದ್ದು ನೀವೇ ಕಟ್ಟಬೇಕು. ಬೇಕಾದ್ರೆ ಬೇರೆ ಆಸ್ಪತ್ರೆ ಆರಿಸ್ಕೊಳ್ಳಿ" ಎಂದಳು. ಯಾವ ಆಸ್ಪತ್ರೆ ಆರಿಸಿದರೂ ಕಾರ್ಡು ಅದೇ ತಾನೆ? ಕಟ್ಟಲು ಅಷ್ಟು ದುಡ್ಡಿಲ್ಲದೆ ಮಾತ್ರೆ ಬರೆಸಿಕೊಂಡು ಊರಿಗೆ ವಾಪಸಾದೆವು.

ವರಮಾನ ಜಾಸ್ತಿಯಾಯಿತೆಂದು ಕಾರ್ಡ್ ರದ್ದು ಮಾಡಿದ್ದರಂತೆ. ಪಿರಿಯಾಪಟ್ಟಣದ ನಮ್ಮ ಕಡೆ ಹೊಗೆಸೊಪ್ಪು ಹರಾಜಿಗೆ ಹಾಕಲು ಲೈಸೆನ್ಸ್ ಬೇಕು. ನಮಗಿತ್ತು, ಪಕ್ಕದ ಮನೆಯವನಿಗಿರಲಿಲ್ಲ. ಇಲ್ಲದವರ ಸೊಪ್ಪನ್ನು ಇದ್ದವರ ಹೆಸರಲ್ಲಿ ಮಾರುವುದು ನಮ್ಮಲ್ಲಿ ಅಕ್ಕಪಕ್ಕದವರಿಗೆ ಹೆಪ್ಪು ಕೊಟ್ಟಷ್ಟೇ ಸಹಜ. ವರ್ಷವರ್ಷವೂ ಅವನ ಸೊಪ್ಪಿನ ದುಡ್ಡು ನಮ್ಮ ಯಜಮಾನರ ಖಾತೆಗೆ ಬೀಳುತ್ತಿತ್ತು. ಇವರು ಬಿಡಿಸಿ ಅವನ ಕೈಗಿಡುತ್ತಿದ್ದರು, ಒಂದು ಲೋಟ ಟೀ ಕೂಡ ಕೇಳದೆ. ಸರ್ಕಾರದ ಲೆಕ್ಕದಲ್ಲಿ ನಾವು ಸಾಹುಕಾರರು, ಅವನು ಬಡವ.

ವಿಷಯ ತಿಳಿದು ಪಕ್ಕದ ಮನೆಯ ಗಂಡಹೆಂಡತಿ ಇಬ್ಬರೂ ನೋಡಲು ಬಂದರು. ನಾನು ಸುತ್ತಿಬಳಸಲಿಲ್ಲ. "ತಾಲ್ಲೂಕಾಫೀಸ್ಗೆ ಬಂದು ಅರ್ಧ ಸೊಪ್ಪು ನಂದು ಅಂತ ಏಳು. ನಮ್ ಕಾರ್ಡು ವಾಪಸ್ ಬತ್ತದೆ" ಎಂದೆ.

ಅವನು ನೆಲ ನೋಡಿದ. "ಏಳ್ಬೋದು ಕಣಕ್ಕ. ಏಳುದ್ರೆ ನನ್ ಕಾರ್ಡು ಓಯ್ತದೆ. ಇವ್ಳಿಗೆ ಇನ್ನೂ ಕೀಮೋ ಬಾಕಿ ಐತೆ."

ಅವನ ಹೆಂಡತಿಗೆ ಎದೆಯ ಕ್ಯಾನ್ಸರ್. ಅದೇ ಕಾರ್ಡಿನಲ್ಲಿ ಮೈಸೂರಿನಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ಕೂದಲುದುರಿದ ತಲೆಗೆ ಸೆರಗು ಹೊದ್ದು ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬಾ ಎಂದು ನಾನು ಕರೆಯಲಿಲ್ಲ.

"ಏ, ಇವ್ಳ್ ಮಾತ್ಗೆ ತಲೆ ಕೆಡಿಸ್ಕೋಬ್ಯಾಡ ಬುಡ್ಲಾ," ಎಂದರು ನಮ್ಮ ಯಜಮಾನರು. "ಮೊದ್ಲು ಆ ತಾಯಿದು ಮುಗೀಲಿ. ನಂದು ಮಾತ್ರೇಲಿ ನಡೀತದೆ."

ದೊಡ್ಡ ಮನುಷ್ಯ ಎಂಬ ಹೆಸರು ಇವರಿಗೆ, ಹೊಟ್ಟೆ ಉರಿ ನನಗೆ. ಅವರು ಹೋದ ಮೇಲೆ ಬಾಯಿಗೆ ಬಂದಂತೆ ಬೈದೆ. ಇವರು ನಕ್ಕರು, ನಗುನಗುತ್ತಲೇ ಎದೆ ಹಿಡಿದುಕೊಂಡರು.

ಮಾರನೆಯ ವಾರ ಸಂತೆಗೆ ಹೋಗುತ್ತೇನೆಂದು ಸುಳ್ಳು ಹೇಳಿ ನಾನೇ ತಾಲ್ಲೂಕು ಕಚೇರಿಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನ ಹೆಸರನ್ನೇ ಮನಸ್ಸಿನಲ್ಲಿ ಹೇಳಿಕೊಂಡೆ. ಅವಳ ಮೇಲೂ ಸಿಟ್ಟಿತ್ತು. ಕಾಯಿಲೆ ಬೀಳಲು ಅವಳಿಗೆ ಇದೇ ವರ್ಷ ಬೇಕಿತ್ತೇ?

ಅಲ್ಲಿದ್ದ ಅಧಿಕಾರಿ ಒಳ್ಳೆಯವರೇ. ಕೂರಿಸಿ ಕೇಳಿದರು. "ನಿಮ್ಮ ಹೊಲದಲ್ಲಿ ಇಷ್ಟು ಸೊಪ್ಪು ಬೆಳೆಯಲ್ಲ ಅಂತ ನಮಗೂ ಗೊತ್ತಮ್ಮ. ಯಾರದು ಹೇಳಿ. ಅವರನ್ನ ವಿಚಾರಿಸಿ ನಿಮ್ಮ ಕಾರ್ಡ್ ಸರಿ ಮಾಡಿಸ್ತೀನಿ."

ಹೆಸರು ನಾಲಿಗೆ ತುದಿಗೆ ಬಂದಿತ್ತು. ಬಾಗಿಲಲ್ಲಿ ಸೆರಗು ಹೊದ್ದು ನಿಂತವಳು ಕಣ್ಣ ಮುಂದೆ ಬಂದಳು. ಎಷ್ಟು ಬೈದುಕೊಂಡರೂ ಪಕ್ಕಕ್ಕೆ ಸರಿಯಲಿಲ್ಲ.

"ನಮ್ದೇಯ ಸಾರ್. ಎಲ್ಲಾ ನಮ್ದೇಯ" ಎಂದೆ.

"ಹಾಗಾದ್ರೆ ನೀವು ಬಡವರಲ್ಲ ಬಿಡಿ" ಎಂದು ಅವರು ಮುಂದಿನವರನ್ನು ಕರೆದರು.

ಮನೆಗೆ ಬಂದಾಗ ನಮ್ಮ ಯಜಮಾನರು ಕೊಟ್ಟಿಗೆಯಲ್ಲಿದ್ದರು. ನನ್ನನ್ನು ಕಂಡು ಎದ್ದು ಬಂದರು. ಅಷ್ಟು ದೂರಕ್ಕೇ ನಡುವೆ ಒಮ್ಮೆ ಕೂತು ಉಸಿರು ಸುಧಾರಿಸಿಕೊಂಡರು.