ಏಳಲಾಗದೆ ಕೂತವನು

ಆನಂದಪುರದಲ್ಲೊಂದು ಮದುವೆ ಊಟ. ಚಕ್ಕಳಮಕ್ಕಳ ಹಾಕಿ ಕೂತು ಚೆನ್ನಾಗಿಯೇ ಉಂಡೆ. ಕೈ ತೊಳೆಯಲು ಏಳಹೋದೆ. ಆಗಲಿಲ್ಲ.

ನೋವಿರಲಿಲ್ಲ. ತೊಡೆಯಲ್ಲಿ ಬಲವೇ ಇರಲಿಲ್ಲ.

ಪಂಕ್ತಿಯೆಲ್ಲ ಎದ್ದು ಹೋದ ಮೇಲೆ, ಎಂಜಲೆಲೆ ತೆಗೆಯುವವರು ಬರುವ ಹೊತ್ತಿಗೆ, ಪಕ್ಕದ ಕಂಬ ತಬ್ಬಿಕೊಂಡು ಎದ್ದೆ. "ಕಾಲು ಜೋಮು ಹಿಡಿದಿದೆ" ಅಂದೆ. ಯಾರೂ ಕೇಳಿರಲಿಲ್ಲ.

ಹೊಸನಗರದಲ್ಲಿ ನಾನು ಡ್ರಿಲ್ ಮೇಷ್ಟ್ರಾಗಿದ್ದವನು. ನಿವೃತ್ತನಾಗಿ ಕೆಲವು ವರ್ಷ ಕಳೆದಿದ್ದರೂ ಪೇಟೆಯಲ್ಲಿ ನನ್ನನ್ನು ಕಂಡರೆ ಹಳೆಯ ಶಿಷ್ಯರು ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಅಂಥವನು ಒಂದು ದಿನ ಕಕ್ಕಸಿನಲ್ಲಿ ಕೂತಲ್ಲಿಂದ ಏಳಲಾಗದೆ ಹೆಂಡತಿಯನ್ನು ಕೂಗಿದೆ. ಸಾವಿತ್ರಿ ಮುಖ ಆಚೆ ತಿರುಗಿಸಿಕೊಂಡೇ ಎರಡೂ ಕೈ ಕೊಟ್ಟು ಎಳೆದಳು. "ನಿಧಾನ ಎಳೆಯೋಕಾಗಲ್ವಾ?" ಎಂದು ಅವಳ ಮೇಲೇ ರೇಗಿದೆ.

ಊಟದ ಕರೆಗಳಿಗೆ ಹೋಗುವುದು ಬಿಟ್ಟೆ. ಹಳೆಯ ಖಾಕಿ ಚಡ್ಡಿ ಹಾಕಿ ನೋಡಿದೆ. ಒಂದೊಂದು ಕಾಲಿನಲ್ಲೂ ಇನ್ನೊಂದು ತೊಡೆ ಹಿಡಿಯುವಷ್ಟು ಜಾಗ.

ಅಷ್ಟರಲ್ಲಿ ಕಿರಿಮಗಳು ಸುಮಿತ್ರೆಗೆ ತೀರ್ಥಹಳ್ಳಿಯ ಗಂಡು ಗೊತ್ತಾಯಿತು. ಧಾರೆ ಎರೆಯಲು ನಾನು ಮಣೆಯ ಮೇಲೆ ಕೂರಬೇಕು. ಆಮೇಲೆ ಏಳಬೇಕು.

ಎಲ್ಲರ ಎದುರು.

ಸಾವಿತ್ರಿ ಸಾಗರಕ್ಕೆ ಹೊರಡಿಸಿದಳು. ಡಾಕ್ಟರು ತೊಡೆ ಒತ್ತಿ, ಮಂಡಿಗೆ ಸುತ್ತಿಗೆಯಿಂದ ತಟ್ಟಿ, ಯೂರಿನ್ ಟೆಸ್ಟ್ ಮಾಡಿಸಿದರು.

"ಷುಗರ್ ಇಲ್ಲ, ನರವೂ ಸರಿಯಿದೆ. ಮಸಲ್ ಸವೆದಿದೆ ಮೇಷ್ಟ್ರೇ. ವಯಸ್ಸಾದ ಹಾಗೆ ಎಲ್ಲರಿಗೂ ಸವೆಯತ್ತೆ, ಕೂತೇ ಇದ್ರೆ ಬೇಗ ಸವೆಯತ್ತೆ. ರಿಟೈರ್ ಆದ್ಮೇಲೆ ಏನ್ ಮಾಡ್ತಿದ್ರಿ?"



"ಈಸಿಚೇರು" ಎಂದಳು ಸಾವಿತ್ರಿ.

ಇಂಜೆಕ್ಷನ್ ಇಲ್ಲವಂತೆ. ದಿನಾ ಕೈಯೂರದೆ ಕುರ್ಚಿಯಿಂದ ಏಳಬೇಕು, ಕೂರಬೇಕು. ಹಾಲು, ಬೇಳೆ ಹೆಚ್ಚು ತಿನ್ನಬೇಕು. ದೊಡ್ಡದೊಂದು ಕಾಯಿಲೆಯ ಹೆಸರು ಹೇಳಿದ್ದರೆ ಊರಲ್ಲಿ ತಲೆಯೆತ್ತಿ ಹೇಳಿಕೊಳ್ಳಬಹುದಿತ್ತು, ಬರೀ ಮುಪ್ಪು ಅನ್ನುವುದನ್ನು ನನ್ನಂಥವನು ಯಾವ ಬಾಯಲ್ಲಿ ಹೇಳಲಿ ಎಂದು ಬಸ್ಸಿನುದ್ದಕ್ಕೂ ಕೊರಗಿದೆ.

ಬಾಗಿಲು ಹಾಕಿಕೊಂಡು ಕುರ್ಚಿಯ ಡ್ರಿಲ್ ಶುರು ಮಾಡಿದೆ. ಮೊದಮೊದಲು ತೊಡೆ ಗಡಗಡ ನಡುಗುತ್ತಿತ್ತು. ಮದುವೆಯ ಹೊತ್ತಿಗೆ ಕುರ್ಚಿಯಿಂದ ಸಲೀಸಾಗಿ ಏಳುತ್ತಿದ್ದೆ.

ಮಣೆ ಕುರ್ಚಿಯಷ್ಟು ಎತ್ತರವಿರುವುದಿಲ್ಲ. ಧಾರೆ ಮುಗಿಯಿತು. "ಎದ್ದೇಳಿ" ಅಂದರು ಪುರೋಹಿತರು. ಅರ್ಧ ಎದ್ದೆ.

ಧೊಪ್ಪನೆ ಕೂತೆ.

ತುಂಬಿದ ಚಪ್ಪರ. ಮುಂದಿನ ಸಾಲಿನಲ್ಲೇ ನನ್ನ ಹಳೆಯ ಶಿಷ್ಯರು. ನೆಲ ನೋಡುತ್ತಾ ಕೂತೆ. ಯಾರೋ ನನ್ನ ತೋಳು ಹಿಡಿದರು. ಮದುಮಗಳು.

"ನನ್ನ ಹಿಡ್ಕಳಿ, ಅಪ್ಪಯ್ಯ."

ಬೇಡ ಅನ್ನಬೇಕೆನಿಸಿತು. ಹಿಡಿದುಕೊಂಡೆ. ಎದ್ದೆ.

ಊಟದ ಹೊತ್ತಿಗೆ ಬೀಗರು, ಗಂಡಿನ ತಂದೆ, ನನ್ನನ್ನು ಮೂಲೆಗೆ ಕರೆದರು. "ನಂದೂ ಇದೇ ಕಥೆ ಕಣ್ರೀ. ಬೆಳಗ್ಗಿಂದ ನಿಂತೇ ಇದೀನಿ, ನೋಡಿದ್ರಾ? ಕೂತ್ರೆ ಏಳಕ್ಕಾಗಲ್ಲ ಅಂತ."

ಮೊನ್ನೆ ತೀರ್ಥಹಳ್ಳಿಗೆ, ಅವರ ಮನೆಗೆ ಹೋಗಿದ್ದೆವು. ತೊಡೆ ಮೊದಲಿನಂತೆ ತುಂಬಿಲ್ಲ, ತುಂಬುವುದೂ ಇಲ್ಲವಂತೆ. ಉಳಿದವರಿಗೆಲ್ಲ ನೆಲದ ಮೇಲೆ ಎಲೆ ಹಾಕಿ, ಬೀಗರಿಗೂ ನನಗೂ ಮಾತ್ರ ಬೆಂಚು ಹಾಕಿದ್ದರು. ನಾಚಿಕೆ ಪೂರ್ತಿ ಹೋಗಿದೆ ಅಂತಲ್ಲ. ಆದರೂ ಹೊಟ್ಟೆ ತುಂಬ ಉಂಡೆ.