ಭಾವ ಹೇಳಿಕೊಡದ ಮಾತು

ನಮ್ಮ ಭಾವ ನಾಟಕ ಕಂಪನಿಯಲ್ಲಿ ಪರದೆಯ ಮರೆಗೆ ಕೂತು, ಮಾತು ಮರೆತ ನಟರಿಗೆ ಪಿಸುಗುಟ್ಟಿ ಹೇಳಿಕೊಡುತ್ತಿದ್ದರು. ಕೊನೆಯ ದೃಶ್ಯದಲ್ಲಿ ರಾಜ ವಿಷದ ಬಟ್ಟಲನ್ನು ತಾನೇ ಕೇಳಿ ಕುಡಿಯಬೇಕು. ರಾಜನಾಗುತ್ತಿದ್ದ ನನ್ನ ತಮ್ಮನಿಗೆ ಆ ಮಾತೊಂದು ಮಾತ್ರ ಎಂದೂ ನೆನಪಿರುತ್ತಿರಲಿಲ್ಲ.

“ಇವತ್ತು ಹೇಳ್ಕೊಡಲ್ಲ ಕಣೋ. ಒಂದು ಸಲನಾದ್ರೂ ರಾಜ ಬದುಕ್ಲಿ,” ಅಂದರು ಭಾವ ಒಂದು ರಾತ್ರಿ ನನ್ನ ಹತ್ತಿರ.

“ಅವನು ಸಾಯೋದು ನೋಡೋಕೇ ಜನ ಬರೋದು. ಬದುಕಿದ್ರೆ ಚಪ್ಪಲಿ ಬೀಳುತ್ತೆ,” ಎಂದು ರೇಗಿದೆ.

ಬಟ್ಟಲು ಕೇಳುವ ಗಳಿಗೆ ಬಂದಾಗ ಭಾವ ಪುಸ್ತಕ ಮುಚ್ಚಿ, ತುಟಿ ಬಿಗಿದು ಕೂತರು. ನಾನು ಪಕ್ಕದಲ್ಲೇ ಇದ್ದೆ; ನಾನೂ ಹೇಳಿಕೊಡಲಿಲ್ಲ. ತಮ್ಮ ತಡವರಿಸಿದ, ನಮ್ಮ ಕಡೆ ಕಿವಿಗೊಟ್ಟ, ಬಟ್ಟಲು ಕೇಳಿ ಕುಡಿದ.

ಪರದೆ ಬಿದ್ದ ಮೇಲೆ ಬಂದವನು, “ಯಾಕೆ ಭಾವ, ಇವತ್ತು ಅಷ್ಟು ಜೋರಾಗಿ ಹೇಳಿದ್ರಿ?” ಎಂದ.

ಭಾವ ಮತ್ತೆ ಅಲ್ಲಿ ಕೂರಲಿಲ್ಲ. ತಮ್ಮ ಈಗಲೂ ಆ ಖಾಲಿ ಜಾಗಕ್ಕೆ ಕಿವಿಗೊಟ್ಟೇ ಬಟ್ಟಲು ಕೇಳುತ್ತಾನೆ.