ಗ್ಯಾರಂಟಿಗೆ ಹೊಲಿದ ಮುಸುಕು

ಬಲ್ಬಿನಂಗಡಿಯವನನ್ನು ಬೀದಿಯೆಲ್ಲ ಕರೆಯುತ್ತಿದ್ದುದು ‘ಗ್ಯಾರಂಟಿ’ ಎಂದೇ. ಅಂಗಡಿಯ ಬೋರ್ಡಿನಲ್ಲೂ ಆ ಮಾತು ಅವನ ಹೆಸರಿಗಿಂತ ದಪ್ಪ. ಎಲ್‌ಇಡಿ ಬಲ್ಬು ಕೇಳಿ ಬಂದವರೆದುರು ಅದನ್ನು ಗಲ್ಲಾದ ಪಕ್ಕದ ಹೋಲ್ಡರಿಗೆ ಸಿಕ್ಕಿಸಿ, ಉರಿಸಿ, ಉಗುರಿನಿಂದ ಒಮ್ಮೆ ತಟ್ಟಿ, “ತಗೊಂಡು ಹೋಗಿ, ಮರೆತುಬಿಡಿ” ಅನ್ನುವುದು ಅವನ ಪದ್ಧತಿ.

ಮರೆಯಲು ಒಪ್ಪದವಳು ಒಬ್ಬಳೇ: ಬೀದಿಯ ತುದಿಯಲ್ಲಿ, ಟ್ರಾನ್ಸ್‌ಫಾರ್ಮರಿಗೆ ಬೆನ್ನು ತಾಗಿಸಿಕೊಂಡಂತಿರುವ ಮನೆಯಲ್ಲಿ ಬಟ್ಟೆ ಹೊಲಿಯುವ ಅವನ ಸ್ವಂತ ಅಕ್ಕ. ಒಂದು ಬೆಳಿಗ್ಗೆ, ಅಂಗಡಿ ತುಂಬ ಗಿರಾಕಿಗಳಿದ್ದಾಗಲೇ ಬಂದು, ಬಟ್ಟೆ ಚೂರಿನಲ್ಲಿ ಸುತ್ತಿದ ಬಲ್ಬನ್ನು ಗಲ್ಲಾದ ಮೇಲಿಟ್ಟಳು.

“ಇದೂ ಕಣ್ಣು ಮುಚ್ಚಿತು ಕಣೋ. ಹೋದ ಸಲದ್ದೂ ಹೀಗೇ, ಅದರ ಹಿಂದಿನದೂ ಹೀಗೇ.”

“ನಿನ್ನ ಮನೇಲಿ ಮಾತ್ರ ಯಾಕೆ ಸಾಯುತ್ವೆ ಅಕ್ಕಾ? ನಿನ್ನ ಬಾಯಿಗೆ ಹೆದರಿ ಇರಬೇಕು.”

ಗಿರಾಕಿಗಳು ನಕ್ಕರು. ಅಕ್ಕ ನಗಲಿಲ್ಲ. “ಉರಿಯೋವಾಗ ಎಂಥಾ ಬೆಳಕು! ನಿನ್ನ ಅಂಗಡೀಲಿ ಉರಿಯೋದಕ್ಕಿಂತ ಜೋರು. ಆಮೇಲೆ ಮಿಣಮಿಣ, ಆಮೇಲೆ ಕತ್ತಲೆ.”

“ಕೇಳಿದ್ರಾ, ನನ್ನ ಮಾಲಿನ ಬೆಳಕು!” ಎಂದು, ಅಷ್ಟು ಮಾತಿನಲ್ಲಿ ಹೊಗಳಿಕೆಯನ್ನು ಮಾತ್ರ ಆರಿಸಿಕೊಂಡ ಗ್ಯಾರಂಟಿ ಹೊಸದೊಂದನ್ನು ಉರಿಸಿ, ತಟ್ಟಿ ಕೊಟ್ಟ.

ಅಕ್ಕ ಕೊರಳಲ್ಲಿದ್ದ ಟೇಪು ತೆಗೆದು, ಸ್ಟೂಲು ಹತ್ತಿ, ಬೋರ್ಡಿನ ಆ ದಪ್ಪ ಅಕ್ಷರಗಳನ್ನು ಅಳೆದಳು. “ಇದೂ ಹೋದರೆ ಈ ಗ್ಯಾರಂಟಿಗೆ ಮುಸುಕು ಹೊಲೀತೀನಿ. ನಾನೇ ತಂದು ಕಟ್ತೀನಿ.”

ಗಿರಾಕಿಗಳಲ್ಲೊಬ್ಬ ಕೈಯಲ್ಲಿದ್ದ ಬಲ್ಬನ್ನು ಮೆಲ್ಲಗೆ ವಾಪಸಿಟ್ಟ. ಗ್ಯಾರಂಟಿ ಅದನ್ನು ನೋಡಿದ. ಬಲ್ಬು ಹೋದರೆ ಬೇರೆ ಕೊಡಬಹುದು. ಹೆಸರು ಹೋದರೆ ಎಲ್ಲಿಂದ ತರುವುದು?

ಮಧ್ಯಾಹ್ನ ಬಾಗಿಲೆಳೆದು, ವೋಲ್ಟೇಜು ಅಳೆಯುವ ಮೀಟರು ಹಿಡಿದು ಅಕ್ಕನ ಮನೆಗೆ ಹೋದ. ಹೊಲಿಗೆ ಯಂತ್ರದ ಮೇಲೆ ಉರಿಯುತ್ತಿದ್ದ ಹೊಸ ಬಲ್ಬಿನ ಬುಡ ಮುಟ್ಟಿ ಕೈ ಜಾಡಿಸಿಕೊಂಡ; ಇಸ್ತ್ರಿಪೆಟ್ಟಿಗೆ ಮುಟ್ಟಿದಂತಿತ್ತು. ಪ್ಲಗ್ ಪಾಯಿಂಟಿಗೆ ಮೀಟರು ಇಟ್ಟರೆ ಇನ್ನೂರ ಎಪ್ಪತ್ತು ವೋಲ್ಟು; ಟ್ರಾನ್ಸ್‌ಫಾರ್ಮರಿಗೆ ಹತ್ತಿರವಿದ್ದಷ್ಟೂ ವೋಲ್ಟೇಜು ಜಾಸ್ತಿ. ಬಲ್ಬಿನ ಮೇಲೆ ಬರೆದದ್ದೋ, ಇನ್ನೂರ ನಲವತ್ತರವರೆಗೆ. ಅಗ್ಗದ ಬಲ್ಬು ಹೀಗೆ ಅತಿಯಾಗಿ ತಿಂದರೆ ಅತಿಯಾಗಿಯೇ ಬೆಳಗುತ್ತದೆ, ಒಳಗೊಳಗೇ ಬೇಯುತ್ತದೆ. ವರ್ಷಗಟ್ಟಲೆ ಬಾಳಬೇಕಾದ್ದು ತಿಂಗಳಲ್ಲೇ ತೀರಿಹೋಗುತ್ತದೆ.

“ಹಾಗಾದ್ರೆ ನಿನ್ನ ಅಂಗಡೀದು ಯಾಕೆ ಹೋಗಲ್ಲ?”

ಗ್ಯಾರಂಟಿಗೆ ಆಗ ನೆನಪಾಯಿತು. ಅಂಗಡಿಯ ಟಿವಿ ಸುಟ್ಟೀತೆಂದು ತಂದ, ವೋಲ್ಟೇಜು ಹದದಲ್ಲಿಡುವ ಸ್ಟೆಬಿಲೈಜರಿನಿಂದಲೇ ಗಲ್ಲಾದ ಹೋಲ್ಡರಿಗೂ ತಂತಿ ಎಳೆದವನು ಅವನೇ. ಇಷ್ಟು ಕಾಲ ಉತ್ತರ ಹೇಳಿಕೊಟ್ಟು ಪರೀಕ್ಷೆ ಮಾಡಿದಂತಾಗಿತ್ತು.

“ನನ್ನ ಬಾಯಿಗೆ ಹೆದರಿ ಸತ್ತವಾ?”

“ಇಲ್ಲ ಅಕ್ಕಾ. ನನ್ನ ಬಾಯಿ ನಂಬಿ ಸತ್ತವು.”

ಲೈನ್‌ಮನ್‌ಗೆ ಹೇಳಿಕಳಿಸಿ, ಅವನು ಬಂದು ಸರಿಮಾಡುವವರೆಗೆ ಹೆಚ್ಚು ವೋಲ್ಟೇಜು ತಡೆಯುವ ಬಲ್ಬೊಂದನ್ನು ಹಾಕಿಕೊಟ್ಟ. ಬೆಳಕು ಮೊದಲಿನಷ್ಟು ಜೋರಿಲ್ಲ ಎಂದು ಅಕ್ಕನ ಹೊಸ ತಕರಾರು. ಆದರೆ ಅದು ಇನ್ನೂ ಉರಿಯುತ್ತಿದೆ.

ಮುಸುಕು ಬಂದೇ ಬಂತು. ಅಳತೆ ತೆಗೆದ ಮೇಲೆ ಹೊಲಿಯದೆ ಬಿಡುವ ಅಭ್ಯಾಸ ಅವಳಿಗಿಲ್ಲ. ಅಂಚಿಗೆ ನೆರಿಗೆ, ಮೂಲೆಗಳಿಗೆ ಗುಂಡಿ. “ಬೇಕಾದಾಗ ಬಿಚ್ಚು, ಬೇಡವಾದಾಗ ಹಾಕ್ಕೋ” ಎಂದಳು.

ಈಗ ಗಿರಾಕಿ ಬಂದರೆ ಗ್ಯಾರಂಟಿ ಮೊದಲು ಕೇಳುವುದು, “ಟ್ರಾನ್ಸ್‌ಫಾರ್ಮರಿಂದ ನಿಮ್ಮನೆ ಎಷ್ಟು ದೂರ?” ಎಂದು. ಉತ್ತರ ಹಿಡಿಸಿದರೆ ಮಾತ್ರ ಸ್ಟೂಲು ಹತ್ತಿ ಬೋರ್ಡಿನ ಮುಸುಕಿನ ಗುಂಡಿ ಬಿಚ್ಚುತ್ತಾನೆ.